ತುದಿಯಿಲ್ಲದ ದ್ವೀಪದ ಮುಂಗಡ ಗಿರಾಕಿ

ಮೂವರು ಪರಿಚಯದವರನ್ನು ಕರೆತಂದರೆ ನಿಮ್ಮ ಹೆಸರನ್ನು ದ್ವೀಪದ ಬಂಡೆಯ ಮೇಲೆ ಕೆತ್ತುತ್ತೇವೆ ಎಂದು ಆ ಕಂಪನಿಯವರು ಆಸೆ ತೋರಿಸದೇ ಇದ್ದಿದ್ದರೆ, ನುಕಾದಾ ಸೇಯ್ಜಿ ಆ ಗುರುವಾರವೂ ಎಂದಿನಂತೆ ಆಫೀಸಿಗೆ ಹೋಗಿ, ಎಂದಿನಂತೆ ಯಾರ ಕಣ್ಣಿಗೂ ಬೀಳದೆ ಮನೆಗೆ ಮರಳುತ್ತಿದ್ದ.

ದ್ವೀಪವೆಂದರೆ ನೀರಿನ ನಡುವೆ ಇರುವ ದ್ವೀಪವಲ್ಲ, ವಿಡಿಯೋ ಗೇಮಿನದು. ಆಟದ ಹೆಸರೇ ‘ತುದಿಯಿಲ್ಲದ ದ್ವೀಪ’. ಅದರ ಜಾಹೀರಾತು ಎರಡು ವರ್ಷದಿಂದ ಒಸಾಕಾದ ರೈಲು ಡಬ್ಬಿಗಳಲ್ಲಿ ನೇತಾಡುತ್ತಿತ್ತು. ಅಲ್ಲಿ ಪ್ರತಿ ಎಲೆಗೂ ಜೀವವಿದೆ, ಪ್ರತಿ ಮೀನಿಗೂ ಮನಸ್ಸಿದೆ, ಪ್ರತಿಯೊಬ್ಬ ಊರಿನವನೂ ನಿಮ್ಮನ್ನು ನೆನಪಿಟ್ಟುಕೊಳ್ಳುತ್ತಾನೆ ಎಂದು ಅದು ಸಾರುತ್ತಿತ್ತು. ನುಕಾದಾನಿಗೆ ನಾಟಿದ್ದು ಆ ಕೊನೆಯ ಮಾತು. ಪ್ಯಾಕಿಂಗ್ ಟೇಪ್ ತಯಾರಿಸುವ ಕಂಪನಿಯ ಮಾರಾಟ ವಿಭಾಗದಲ್ಲಿ ಅವನು ತಲೆ ನರೆಯುವಷ್ಟು ಕಾಲ ಕೂತಿದ್ದ, ಆದರೂ ಆಫೀಸಿನ ಕೆಳಬಾಗಿಲ ಕಾವಲುಗಾರ ಇವತ್ತಿಗೂ ಅವನನ್ನು ತಡೆದು “ಯಾರನ್ನ ನೋಡಬೇಕಿತ್ತು?” ಎಂದು ಕೇಳುತ್ತಿದ್ದ. ಅಂಗಡಿಗಳ ತಾನೇ ತೆರೆಯುವ ಬಾಗಿಲುಗಳು ಕೂಡ ಅವನು ಬಂದು ನಿಂತದ್ದನ್ನು ಕೆಲವೊಮ್ಮೆ ಗಮನಿಸುತ್ತಿರಲಿಲ್ಲ.

ಅಂಥವನ ಹೆಸರು ಬಂಡೆಯ ಮೇಲೆ! ನುಕಾದಾ ಆಟ ತಯಾರಾಗುವ ಮೊದಲೇ ತನ್ನದೊಂದನ್ನು ಮುಂಗಡ ಬುಕ್ ಮಾಡಿದ. ಆಮೇಲೆ ಮೂವರನ್ನು ಹುಡುಕಲು ಹೊರಟ. ಪ್ರಪಂಚದಲ್ಲಿ ಅವನಿಗೆ ಪರಿಚಯವಿದ್ದವರೇ ಮೂವರಾದ್ದರಿಂದ ಆರಿಸುವ ಕಷ್ಟ ಬರಲಿಲ್ಲ.

ಮೊದಲನೆಯವರು ಕೆಳಮಹಡಿಯ ಓತ್ಸುಬೊ ಅಜ್ಜಿ. ಯಜಮಾನರು ತೀರಿಕೊಂಡ ಮೇಲೆ ಒಂದು ಬೆಕ್ಕು ಸಾಕಬೇಕೆಂಬುದು ಅಜ್ಜಿಯ ಆಸೆ. ಪ್ರಾಣಿ ಸಾಕಕೂಡದು ಎಂಬುದು ಆ ಕಟ್ಟಡದ ನಿಯಮ.

“ಅಜ್ಜಿ, ಈ ಆಟದಲ್ಲಿ ಬೆಕ್ಕು ಸಾಕಬಹುದು. ಮನೆ ಮಾಲೀಕ ತಲೆಕೆಳಗಾದ್ರೂ ಏನೂ ಮಾಡೋಕಾಗಲ್ಲ” ಎಂದ ನುಕಾದಾ.

“ತೊಡೆ ಮೇಲೆ ಕೂರುತ್ತಾ?”

“ಕೂರುತ್ತೆ, ಗುರ್ ಗುರ್ ಅನ್ನುತ್ತೆ. ಜಾಹೀರಾತಲ್ಲಿ ನಾನೇ ಕಣ್ಣಾರೆ ನೋಡಿದೀನಿ.”

ಮೊಮ್ಮಗ ಬಿಟ್ಟುಹೋಗಿದ್ದ ಆಟದ ಯಂತ್ರ ಅಜ್ಜಿಯ ಕಪಾಟಿನಲ್ಲಿ ಇದ್ದೇ ಇತ್ತು. ಅಜ್ಜಿ ಹೆಸರು ಬರೆಸಿದರು.

ಎರಡನೆಯವನು ಬೀದಿ ಮೂಲೆಯ ಓಕೊನೊಮಿಯಾಕಿ ಅಂಗಡಿಯ ಮುಕಾಯಿ. ಬೆಳಗಿನಿಂದ ರಾತ್ರಿಯವರೆಗೆ ಬಿಸಿ ಕಾವಲಿಯ ಮುಂದೆ ನಿಂತು ಎಲೆಕೋಸಿನ ದಪ್ಪ ದೋಸೆ ಮಗುಚಿ ಮಗುಚಿ ಅವನ ಮುಖವೇ ಒಂದು ಬದಿ ಹೆಚ್ಚು ಬೆಂದಂತಾಗಿತ್ತು. “ಅಲ್ಲಿ ನೀನು ದ್ವೀಪದ ದೊರೆ ಆಗಬಹುದು ಕಣೋ, ಬೇರೆಯವರು ಅಡುಗೆ ಮಾಡಿ ನಿನ್ನ ಮುಂದೆ ತಂದಿಡ್ತಾರೆ” ಎಂದದ್ದೇ ಸಾಕಾಯಿತು.

ಮೂರನೆಯವರು ಅವನ ಸೆಕ್ಷನ್ ಹೆಡ್ ಕುನಿಯೋಶಿ. ಮೀನಿನ ಗಾಳವೆಂದರೆ ಅವರಿಗೆ ಪ್ರಾಣ. ಆದರೆ ಭಾನುವಾರ ಗಾಳ ಹಿಡಿದು ಹೊರಟರೆ ಮನೆಯಾಕೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ನುಕಾದಾ ಅವರ ಮೇಜಿನ ಪಕ್ಕ ನಿಂತು ದ್ವೀಪದ ಮೀನುಗಳನ್ನು ಬಣ್ಣಿಸಿದ. ಗಾಳ ಜಗ್ಗಿದ್ದು ಅಂಗೈಗೆ ಗೊತ್ತಾಗುತ್ತದಂತೆ ಸಾರ್ ಎಂದ. ಕುನಿಯೋಶಿ ಕನ್ನಡಕ ತೆಗೆದು ಅವನನ್ನೇ ದಿಟ್ಟಿಸಿದರು.

“ನುಕಾದಾ, ನಮ್ಮ ಕಂಪನಿ ಟೇಪಿನ ಬಗ್ಗೆ ನೀನು ಒಂದು ದಿನಾನೂ ಹೀಗೆ ಮಾತಾಡಿದ್ದು ನಾನು ಕೇಳಿಲ್ಲ” ಎಂದು ಹೇಳಿ, ಅವರೂ ಹೆಸರು ಬರೆಸಿದರು.

ನುಕಾದಾನ ಹೆಂಡತಿ ಚಿಜುರು ಮಾತ್ರ ಇದನ್ನೆಲ್ಲ ನೋಡಿ ಒಮ್ಮೆ ಕೇಳಿದ್ದಳು. “ಅಲ್ಲಾರೀ, ಮೀನಂಗಡಿಗೆ ಕಳಿಸಿದ್ರೆ ಕಣ್ಣು ನೋಡ್ತೀರಿ, ಕಿವಿರು ಎತ್ತಿ ಮೂಸ್ತೀರಿ, ಅಂಗಡಿಯವನ ತಲೆ ತಿಂತೀರಿ. ಇದನ್ನ ಇನ್ನೂ ಹುಟ್ಟೋಕ್ಮುಂಚೆ ತಗೊಂಡ್ರಲ್ಲ?”

“ಇದು ಮೀನಲ್ಲ ಕಣೇ.”

“ಅದಕ್ಕೇ ಕೇಳಿದ್ದು. ಮೀನಾದ್ರೆ ವಾಸನೆಯಾದ್ರೂ ಬರುತ್ತೆ.”

*

ಆಟ ಬಿಡುಗಡೆಯಾದ ಗುರುವಾರ ನುಕಾದಾ ರಜೆ ಹಾಕಿದ. ಬೆಳಗ್ಗೆಯೇ ನಿಪ್ಪೊಂಬಾಶಿಯ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತು, ಆಟದ ನಾಲ್ಕೂ ಡಬ್ಬಿಗಳನ್ನು ಪಡೆದು, ಒಂದೊಂದರ ಜೊತೆ ಪುಕ್ಕಟೆ ಕೊಟ್ಟ ಪ್ಲಾಸ್ಟಿಕ್ ನಾವಿಕ ಟೋಪಿಗಳನ್ನು ಒಂದರ ಮೇಲೊಂದು ತಲೆಗೇರಿಸಿಕೊಂಡು, ಮದುವೆಯ ಉಡುಗೊರೆ ಹಂಚುವವನ ಹುರುಪಿನಲ್ಲಿ ಎಲ್ಲರಿಗೂ ಮುಟ್ಟಿಸಿ ಬಂದ. ಕುನಿಯೋಶಿ ಆಫೀಸಿನ ಹಿಂದಿನ ಗಲ್ಲಿಯಲ್ಲಿ ಕಾದಿದ್ದು ತಮ್ಮ ಡಬ್ಬಿ ತೆಗೆದುಕೊಂಡರು. ಪಕ್ಕದ ಊರಾದ ಕೋಬೆಯಲ್ಲಿ ಗಿರಾಕಿಯೊಬ್ಬರನ್ನು ನೋಡಬೇಕಿದೆ ಎಂದು ಹೇಳಿ ಹೊರಬಿದ್ದಿದ್ದರು. ಅವರು ಹೋದದ್ದು ಮೂರು ಕಟ್ಟಡದಾಚೆ, ಹಾಡುವವರಿಗೆ ಟೀವಿಯಿರುವ ಕೋಣೆ ಬಾಡಿಗೆ ಕೊಡುವ ಕರೋಕೆ ಅಂಗಡಿಗೆ, ಚೀಲದಲ್ಲಿ ಹೊಸ ಆಟದ ಯಂತ್ರ ಇಟ್ಟುಕೊಂಡು.

ನುಕಾದಾ ಮನೆಗೆ ಬಂದು ಪರದೆ ಎಳೆದು, ಟೀವಿಯ ಮುಂದೆ ದೇವರ ಮುಂದೆ ಕೂತಂತೆ ಕೂತ. ಬಹಳ ಹೊತ್ತು ‘ದಯವಿಟ್ಟು ಕಾಯಿರಿ’ ಎಂದು ಬಂತು. ಕಾಯುವುದು ಅವನಿಗೆ ಅಭ್ಯಾಸವಾಗಿತ್ತು. ಕೊನೆಗೆ ದ್ವೀಪ ಕಾಣಿಸಿತು.

ದಡದಲ್ಲಿ ಒಬ್ಬ ಮುದುಕನಿದ್ದ. ಸೊಂಟದವರೆಗೆ ಮರಳಿನಲ್ಲಿ ಹೂತುಹೋಗಿದ್ದ. “ಬನ್ನಿ ಬನ್ನಿ, ನಿಮ್ಮನ್ನೇ ನೆನೆಸಿಕೊಳ್ಳುತ್ತಿದ್ದೆ” ಎಂದ. ನುಕಾದಾನ ಎದೆ ತುಂಬಿ ಬಂತು. ಮುದುಕ ಅದನ್ನೇ ಮತ್ತೊಮ್ಮೆ ಹೇಳಿದ. ಆಮೇಲೆ ಪಕ್ಕದಲ್ಲಿ ಹಾದುಹೋದ ಬಾತುಕೋಳಿಗೂ ಹೇಳಿದ.

ಮೊದಲ ದಿನ, ಸಣ್ಣಪುಟ್ಟದ್ದು ಇರುತ್ತೆ ಎಂದುಕೊಂಡು ನುಕಾದಾ ನೇರವಾಗಿ ಬೆಟ್ಟ ಹತ್ತಿದ. ಅರ್ಧ ದಾರಿಯಲ್ಲಿ ಬೆಟ್ಟ ಒಮ್ಮೆ ಮಾಯವಾಗಿ ಮತ್ತೆ ಬಂತು. ತುದಿಯಲ್ಲಿ ಬಂಡೆ ಇತ್ತು. ಬಂಡೆಯ ಮೇಲೆ ದಪ್ಪ ಅಕ್ಷರಗಳೂ ಇದ್ದವು. ‘ಇಲ್ಲಿ ಗಿರಾಕಿಯ ಹೆಸರು ಹಾಕುವುದು. ಮರೆಯಬೇಡ.’

ಡ್ರೈಕ್ಲೀನಿಂಗ್ ಅಂಗಡಿಯ ಮಧ್ಯಾಹ್ನದ ಪಾಳಿಗೆ ಹೊರಡಲು ಸಿದ್ಧಳಾಗುತ್ತಿದ್ದ ಚಿಜುರು ಹಿಂದಿನಿಂದ ಬಗ್ಗಿ ನೋಡಿದಳು. “ಯಾರೀ ಇದು ಮರೆಯಬೇಡ? ನಿಮ್ಮ ದೂರದ ನೆಂಟರಾ?”

ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು.

*

ಓತ್ಸುಬೊ ಅಜ್ಜಿ ಮನೆಯ ಚಪ್ಪಲಿಯಲ್ಲೇ ಮಹಡಿ ಹತ್ತಿ ಬಂದಿದ್ದರು. ತಲೆಯ ಮೇಲೆ ನಾವಿಕ ಟೋಪಿ ಹಾಗೇ ಇತ್ತು.

“ಮಗಾ, ಬೆಕ್ಕು ನೆಲದೊಳಗೆ ಇಳಿದುಹೋಯ್ತು.”

“ನೆಲದೊಳಗಾ?”

“ತೊಡೆ ಮೇಲೆ ಕೂತ್ಕೊಳ್ತು ಕಣಪ್ಪ, ನೀನು ಹೇಳಿದ ಹಾಗೇ. ಕಿನಾಕೊ ಅಂತ ಹೆಸರಿಟ್ಟೆ. ಹೆಸರಿಟ್ಟಿದ್ದೇ ತಡ, ಕೂತಲ್ಲೇ ಕೆಳಗೆ ಜಾರಿ ಹೋಯ್ತು. ಈಗ ಬಾಲ ಮಾತ್ರ ಮೇಲಿದೆ. ಪಾಪ, ಅಲ್ಲಾಡ್ತಿದೆ.”

ನುಕಾದಾ ಅಜ್ಜಿಯ ಜೊತೆ ಕೆಳಗಿಳಿದು ನೋಡಿದ. ಟೀವಿಯಲ್ಲಿ ಚೆಂದದ ಒಂದು ಕೋಣೆ, ಕೋಣೆಯ ನಡುವೆ ನೆಲದಿಂದ ಮೇಲೆದ್ದ ಒಂದು ಕಂದು ಬಾಲ. ಅವನು ಹತ್ತಿರ ಹೋಗಿ ಎಳೆಯುವ ಗುಂಡಿ ಒತ್ತಿದ. ‘ಈ ಮೂಲಂಗಿ ಇನ್ನೂ ಬಲಿತಿಲ್ಲ’ ಎಂದು ಬಂತು. ಮತ್ತೆ ಒತ್ತಿದ. ನೀರು ಹಾಕಿ ಎಂದು ಬಂತು.

“ಹಾಕ್ಲಾ?” ಎಂದು ಅಜ್ಜಿ ಕಾತರದಿಂದ ಕೇಳಿದರು.

“ಬೇಡಿ ಅಜ್ಜಿ.”

ಅಷ್ಟರಲ್ಲಿ ಮುಕಾಯಿ ದೋಸೆ ಮಗುಚುವ ಸಟ್ಟುಗವನ್ನು ಕತ್ತಿಯಂತೆ ಹಿಡಿದು ಬೀದಿಯಿಂದ ಓಡಿ ಬಂದ. ಅವನು ಆಟವನ್ನು ಅಂಗಡಿಯ ಟೀವಿಗೇ ಜೋಡಿಸಿದ್ದ. ಊಟದ ಹೊತ್ತು, ಅಂಗಡಿ ತುಂಬ ಗಿರಾಕಿಗಳು.

“ದೊರೆ ಆದೆ ಕಣೋ! ಜನ ಎಲ್ಲ ಬಗ್ಗಿ ನಮಸ್ಕಾರ ಮಾಡಿದ್ರು. ತಂದು ಕಿರೀಟ ಇಟ್ರು. ಕಿರೀಟ ಬಂದಿದ್ದೇ ಬಂತು, ಮೈಮೇಲಿನ ಬಟ್ಟೆ ಅಷ್ಟೂ ಮಾಯ! ಕಿಂಡರ್‌ಗಾರ್ಟನ್ ಪ್ರಿನ್ಸಿಪಾಲಮ್ಮ ಎದುರಿಗೇ ಕೂತಿದ್ರು!”

“ಕಿರೀಟ ತೆಗೆದುಬಿಡೋದಲ್ವಾ?”

“ದೊರೆ ಕಿರೀಟ ತೆಗೆಯೋ ಹಾಗಿಲ್ಲ ಅನ್ನುತ್ತೆ ನಿನ್ನ ಆಟ! ಹಾಗೇ ಊರೆಲ್ಲ ಮೆರವಣಿಗೆ ಮಾಡಿಸ್ತು. ಪ್ರಿನ್ಸಿಪಾಲಮ್ಮ ಚಾಪ್‌ಸ್ಟಿಕ್ ಕೆಳಗಿಟ್ಟು ಎದ್ದುಹೋದ್ರು. ಮಿಕ್ಕವರು ದೋಸೆ ಸೀದರೂ ಏಳಲಿಲ್ಲ.”

ನುಕಾದಾನ ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ಕುನಿಯೋಶಿಯವರದು. ಪಿಸುದನಿ. ಪಕ್ಕದ ಕೋಣೆಯಲ್ಲಿ ಯಾರೋ ವಿರಹದ ಹಾಡನ್ನು ಕಿರುಚುತ್ತಿದ್ದದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

“ನುಕಾದಾ, ದೋಣಿಯಿಂದ ಇಳಿಯೋದು ಹೇಗೆ?”

“ದಡಕ್ಕೆ ಬಂದು ಇಳೀರಿ ಸಾರ್.”

“ದಡ ಎಲ್ಲಿದೆಯಯ್ಯಾ? ಮೀನು ಕಚ್ಚಿದೆ, ಬೆಳಗ್ಗೆಯಿಂದ ಎಳಕೊಂಡು ಹೋಗ್ತಾನೇ ಇದೆ. ಗಾಳ ಬಿಡೋಕೆ ಬರಲ್ಲ. ಆಟ ನಿಲ್ಲಿಸಿದ್ರೆ ಮೊದಲಿಂದ ಶುರು ಅನ್ನುತ್ತೆ. ದ್ವೀಪಕ್ಕೆ ತುದಿ ಇದೆಯೋ ಇಲ್ವೋ ಗೊತ್ತಿಲ್ಲ, ಸಮುದ್ರಕ್ಕಂತೂ ಇಲ್ಲ.”

ಅರ್ಧ ಗಂಟೆಯೊಳಗೆ ಅವರೂ ಟೈ ಸಡಿಲಿಸಿಕೊಂಡು ಬಂದುಬಿಟ್ಟರು. ನುಕಾದಾನ ಮನೆಯ ಬಾಗಿಲಲ್ಲಿ ಇಬ್ಬರು ಬೂಟು ಬಿಚ್ಚುವಷ್ಟು ಜಾಗ. ಅಲ್ಲಿ ಮೂವರೂ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಾಗುವಂತೆ ನಿಂತರು.

“ಕಂಪನಿಯವರು ಸರಿ ಮಾಡ್ತಾರೆ” ಎಂದ ನುಕಾದಾ. ಆ ಮಾತು ಅವನ ಕಿವಿಗೇ ಪೊಳ್ಳಾಗಿ ಕೇಳಿಸಿತು. “ತಪ್ಪು ಅವರದು. ನಾನೇನು ಮಾಡಲಿ?”

ಓತ್ಸುಬೊ ಅಜ್ಜಿ ಟೋಪಿ ತೆಗೆದರು. ದನಿ ಏರಿಸಲಿಲ್ಲ. “ಕಂಪನಿಯವರು ನನ್ನ ಮನೆಗೆ ಬಂದು, ನನ್ನ ಚಹಾ ಕುಡಿದು, ಬೆಕ್ಕು ತೊಡೆ ಮೇಲೆ ಕೂರುತ್ತೆ ಅಜ್ಜಿ ಅಂತ ಹೇಳಲಿಲ್ಲ ಮಗಾ. ಹೇಳಿದ್ದು ನೀನು.”

“ಅವರ ಮುಖ ನಮಗೇನು ಗೊತ್ತು? ನಿನ್ನ ಮುಖ ನೋಡಿ ತಗೊಂಡಿದ್ದು” ಎಂದ ಮುಕಾಯಿ.

“ಟೇಪ್ ವಾಪಸ್ ಬಂದ್ರೆ ಗಿರಾಕಿ ಮನೆಗೆ ಹೋಗಿ ತಲೆ ಬಗ್ಗಿಸೋದು ಮಾರಿದವನು. ಅಷ್ಟೂ ಕಲೀಲಿಲ್ವೇನಯ್ಯಾ?” ಎಂದರು ಕುನಿಯೋಶಿ.

ನುಕಾದಾ ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದ. ಚಿಜುರು ಛತ್ರಿ ಕೈಗೆತ್ತಿಕೊಂಡು ನಾಲ್ವರನ್ನೂ ಒಂದು ಸುತ್ತು ನೋಡಿದಳು. “ನೋಡದೆ ಕೊಂಡವರು ನಾಲ್ಕು ಜನ. ನೋಡದೆ ಕೊಡಿಸಿದವರು ಒಬ್ಬರು. ದಾರಿ ಬಿಡಿ, ನನಗೆ ಕೆಲಸಕ್ಕೆ ಹೊತ್ತಾಯ್ತು” ಎಂದು ಬೂಟುಗಳ ರಾಶಿ ದಾಟಿ ಹೊರಟುಹೋದಳು.

ಬೇರೆ ದಾರಿ ಇರಲಿಲ್ಲ. ನಾಲ್ವರೂ ನಾಲ್ಕು ಡಬ್ಬಿ ಹಿಡಿದು ರೈಲು ಹತ್ತಿದರು. ರೈಲಿನೊಳಗೆ ತಲೆಯ ಮೇಲೆ ‘ತುದಿಯಿಲ್ಲದ ದ್ವೀಪ’ದ ಜಾಹೀರಾತು ಇನ್ನೂ ನೇತಾಡುತ್ತಿತ್ತು. ಮುಕಾಯಿ ಅದನ್ನು ಸಟ್ಟುಗದಿಂದ ತಿವಿದ. ಸಟ್ಟುಗವನ್ನು ಅಂಗಡಿಯಲ್ಲಿಟ್ಟು ಬರಲು ಅವನು ಮರೆತಿದ್ದ.

*

ಅಂಗಡಿಯ ಕೌಂಟರಿನ ಹುಡುಗ ಬಹಳ ವಿನಯವಂತ. ಪ್ರತಿ ಮಾತಿಗೂ ಬಾಗುತ್ತಿದ್ದ. ಆದರೆ ಬಾಗುತ್ತಲೇ ಇದ್ದನೇ ಹೊರತು ಜಗ್ಗಲಿಲ್ಲ.

“ಬಿಚ್ಚಿದ ಡಬ್ಬಿ ವಾಪಸ್ ತಗೊಳ್ಳೋಕೆ ಬರಲ್ಲ, ದಯವಿಟ್ಟು ಕ್ಷಮಿಸಿ.”

“ಬಿಚ್ಚದೆ ಹಾಳಾಗಿದೆ ಅಂತ ಗೊತ್ತಾಗೋದು ಹೇಗಪ್ಪಾ?” ಎಂದರು ಕುನಿಯೋಶಿ.

“ಗೊತ್ತಾಗಲ್ಲ ಸಾರ್, ಕ್ಷಮಿಸಿ.”

“ಗೊತ್ತಾದ ಮೇಲೆ ನೀವು ತಗೊಳ್ಳಲ್ಲ.”

“ಹೌದು ಸಾರ್. ಸರಿಯಾಗಿ ಅರ್ಥ ಮಾಡ್ಕೊಂಡ್ರಿ, ಧನ್ಯವಾದ.” ಹುಡುಗ ಮತ್ತೊಮ್ಮೆ ಬಾಗಿದ. “ಕಂಪನಿಯವರೇ ಇವತ್ತು ಮೇಲಿನ ಮಹಡಿಯಲ್ಲಿದ್ದಾರೆ. ಗಿರಾಕಿಗಳ ಅಭಿಪ್ರಾಯ ಕೇಳ್ತಿದ್ದಾರೆ.”

ಮೇಲಿನ ಮಹಡಿಯಲ್ಲಿ ಬಿಡುಗಡೆಯ ಜಾತ್ರೆಯೇ ನಡೆದಿತ್ತು. ಬಲೂನುಗಳು, ಕಾಗದದ ಅಲೆಗಳು, ಅಂಗಡಿಯ ಸೂರಿಗೆ ಮುಟ್ಟುವ ರಟ್ಟಿನ ಹಡಗು. ಹಡಗಿನ ಮುಂದೆ ಪುಟ್ಟ ವೇದಿಕೆ. ಕಪ್ಪು ಸೂಟಿನ ಮೂವರು ಕಂಪನಿಯವರು. ನಾವಿಕ ಉಡುಪಿನ ಹುಡುಗಿಯೊಬ್ಬಳು ಮೈಕು ಹಿಡಿದು ನಗುತ್ತಿದ್ದಳು. ಅವಳ ಪಕ್ಕದಲ್ಲಿ ಕ್ಯಾಮೆರಾ.

ನುಕಾದಾನ ಕಾಲು ಅಲ್ಲೇ ಬೇರುಬಿಟ್ಟಿತು. ಹೋಟೆಲಿನಲ್ಲಿ ತಪ್ಪು ತಿಂಡಿ ತಂದಿಟ್ಟರೆ ಸದ್ದಿಲ್ಲದೆ ತಿಂದು ಬರುವ ಜೀವ ಅದು. “ಇವತ್ತು ಜನ ಜಾಸ್ತಿ ಇದ್ದಾರೆ. ಇನ್ನೊಂದಿನ ಬರೋಣ್ವಾ?” ಎಂದ.

ಮುಕಾಯಿ ಸಟ್ಟುಗವನ್ನು ಅವನ ಬೆನ್ನಿಗಿಟ್ಟು ಒತ್ತಿದ. ಬಿಸಿ ಆರಿದ್ದರೂ ಅದು ಕೆಲಸ ಮಾಡಿತು. ನುಕಾದಾ ಎರಡೇ ಹೆಜ್ಜೆಗೆ ವೇದಿಕೆಯ ಮೇಲಿದ್ದ.

“ಬನ್ನಿ ಬನ್ನಿ! ದ್ವೀಪ ಹೇಗಿದೆ?” ಎಂದು ಹುಡುಗಿ ಮೈಕನ್ನು ಅವನ ಬಾಯಿಗೆ ಹಿಡಿದಳು.

ನುಕಾದಾ ತಿರುಗಿ ನೋಡಿದ. ಕೆಳಗೆ ಓತ್ಸುಬೊ ಅಜ್ಜಿ ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದರು, ಒಳಗೆ ಕಿನಾಕೊ ಇದೆಯೋ ಎಂಬಂತೆ. ಅದನ್ನು ನೋಡಿದ್ದೇ ತಡ, ಅವನ ಒಳಗಿನಿಂದ ಅವನಿಗೇ ಗುರುತಿಲ್ಲದ ಒಂದು ದನಿ ಎದ್ದು ಬಂತು.

“ನನ್ನ ಜನ್ಮದಲ್ಲೇ ಇಂಥಾ ಆಟ ನೋಡಿಲ್ಲ!” ಎಂದು ಗುಡುಗಿದ. ಬಲೂನು ಕಟ್ಟುತ್ತಿದ್ದವನ ಕೈಯಿಂದ ಬಲೂನು ಹಾರಿಹೋಯಿತು. “ಎರಡು ವರ್ಷ ಕಾದ್ವಿ! ನಿಮ್ಮ ಮಾತು ನಂಬಿ ಕಾದ್ವಿ! ಇದಕ್ಕಾ ಕಾದಿದ್ದು? ನಮ್ಮ ಸೆಕ್ಷನ್ ಹೆಡ್ ಕುನಿಯೋಶಿ ಅವರು ಬೆಳಗ್ಗೆ ದೋಣಿಯಲ್ಲಿ ಕೂತವರಿಗೆ ಏಳೋಕಾಗ್ಲಿಲ್ಲ! ಕೋಬೆಗೆ ಹೋಗ್ತೀನಿ ಅಂತ ಆಫೀಸಿಗೆ ಸುಳ್ಳು ಹೇಳಿ ಬಂದು ಕೂತಿದ್ರು, ಪಾಪ! ಮುಕಾಯಿ ಅಂಗಡಿಯಲ್ಲಿ ಜನ ಊಟ ಬಿಟ್ಟು ಟೀವಿ ನೋಡ್ತಾ ಕೂತುಬಿಟ್ರು! ಈ ಅಜ್ಜಿಯನ್ನ ನೋಡಿ! ಒಂದು ಬೆಕ್ಕನ್ನ ನೆನೆಸ್ಕೊಂಡು ಕಣ್ಣೀರು ಹಾಕ್ತಿದ್ದಾರೆ! ಆಸೆ ತೋರಿಸಿ ಹೀಗೆ ಮೋಸ ಮಾಡಬಹುದಾ? ಮೊದಲೇ ದುಡ್ಡು ಕೊಟ್ಟ ನಮಗೆ ಬುದ್ಧಿ ಇರಲಿಲ್ಲ, ಒಪ್ಪಿದೆ. ಇನ್ನು ಮುಂದೆ ಯಾರೇ ಆಗಲಿ, ಒಂದ್ಸಲ ನನ್ನನ್ನ ನೋಡಿ, ಆಮೇಲೆ ತಗೊಳ್ಳಿ!”

ಮಹಡಿಯಲ್ಲಿದ್ದವರೆಲ್ಲ ವೇದಿಕೆಯ ಕಡೆ ತಿರುಗಿದರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಕಪ್ಪು ಸೂಟಿನ ಮೂವರೂ ಒಟ್ಟಿಗೆ, ಮಡಿಸುವ ಕುರ್ಚಿಗಳ ಹಾಗೆ, ಸೊಂಟ ಮಡಿಸಿ ಬಾಗಿದರು. ಮೇಲೇಳಲೇ ಇಲ್ಲ. ಹುಡುಗಿಯ ನಗು ಮಾತ್ರ ಒಂದಿಷ್ಟೂ ಮಾಸಲಿಲ್ಲ.

“ನಿಮ್ಮ ಮಾತನ್ನ ಎಲ್ಲರಿಗೂ ತಲುಪಿಸಬಹುದಾ?” ಎಂದು ಕೇಳಿದಳು.

“ತಲುಪಿಸಿ! ಜಪಾನಿನ ಮೂಲೆ ಮೂಲೆಗೂ ತಲುಪಿಸಿ!” ಎಂದ ನುಕಾದಾ.

*

ಸಂಜೆ ಮುಕಾಯಿಯ ಅಂಗಡಿಯಲ್ಲಿ ನುಕಾದಾನಿಗೆ ನಡುವಿನ ಆಸನ ಸಿಕ್ಕಿತು. ಆಟದ ದುಡ್ಡು ವಾಪಸ್ ಬಂದಿರಲಿಲ್ಲ, ಬರುವ ಸೂಚನೆಯೂ ಇರಲಿಲ್ಲ. ಆದರೂ ಎಲ್ಲರ ಹೊಟ್ಟೆ ತಣ್ಣಗಾಗಿತ್ತು. ಕೆಲಸ ಮುಗಿಸಿ ಬಂದ ಚಿಜುರುವಿಗೆ ಮುಕಾಯಿ ವೇದಿಕೆಯ ಕತೆಯನ್ನು ನಟಿಸಿ ತೋರಿಸಿದ. ಅಜ್ಜಿ ತಮ್ಮ ತಟ್ಟೆಯ ಸೀಗಡಿ ತೆಗೆದು ನುಕಾದಾನ ತಟ್ಟೆಗಿಟ್ಟರು. ಕುನಿಯೋಶಿ ಬಿಯರ್ ಸುರಿದರು.

“ಈ ಗಂಟಲು ಇಷ್ಟು ವರ್ಷ ಎಲ್ಲಿಟ್ಟಿದ್ದೆಯಯ್ಯಾ? ನಾಳೆಯಿಂದ ದೊಡ್ಡ ಗಿರಾಕಿಗಳನ್ನ ನೋಡೋಕೆ ನಿನ್ನನ್ನೇ ಕಳಿಸ್ತೀನಿ” ಎಂದರು.

ನುಕಾದಾ ನಾಚಿ ಲೋಟ ಎತ್ತಿದ. ಅಷ್ಟು ರುಚಿಯಾದ ಬಿಯರನ್ನು ಅವನು ಹಿಂದೆ ಕುಡಿದಿರಲಿಲ್ಲ. ಚಿಜುರು ಕೂಡ ಏನೂ ಅನ್ನಲಿಲ್ಲ. ಅವಳ ಮಟ್ಟಿಗೆ ಅದು ಹೊಗಳಿಕೆ.

ಆಗ ಬಾಗಿಲು ಸರಿಸಿ ಇಬ್ಬರು ಕಾಲೇಜು ಹುಡುಗಿಯರು ಒಳಗೆ ಬಂದರು. ಒಬ್ಬಳು ನುಕಾದಾನನ್ನು ನೋಡಿದಳು, ತನ್ನ ಫೋನ್ ನೋಡಿದಳು, ಮತ್ತೆ ಅವನನ್ನು ನೋಡಿದಳು.

“ಅಯ್ಯೋ, ನೀವೇ ಅಲ್ವಾ? ‘ತಗೊಳ್ಳಿ’ ಅಂಕಲ್!”

“ಏನು ತಗೊಳ್ಳಿ?”

ಹುಡುಗಿ ಫೋನ್ ಮುಂದೆ ಹಿಡಿದಳು. ಎಲ್ಲರೂ ತಲೆಗೆ ತಲೆ ಸೇರಿಸಿ ನೋಡಿದರು. ನೀಲಿ ಸಮುದ್ರ. ಹಕ್ಕಿಗಳು. ಗಂಭೀರವಾದ ಡೋಲಿನ ಸದ್ದು. ಪರದೆ ತುಂಬ ನುಕಾದಾನ ಮುಖ. “ನನ್ನ ಜನ್ಮದಲ್ಲೇ ಇಂಥಾ ಆಟ ನೋಡಿಲ್ಲ!” ಅಲೆಯೊಂದು ಬಂಡೆಗೆ ಬಡಿಯಿತು. “ಸೆಕ್ಷನ್ ಹೆಡ್ ಕುನಿಯೋಶಿ ಅವರು ಬೆಳಗ್ಗೆ ದೋಣಿಯಲ್ಲಿ ಕೂತವರಿಗೆ ಏಳೋಕಾಗ್ಲಿಲ್ಲ! ಕೋಬೆಗೆ ಹೋಗ್ತೀನಿ ಅಂತ ಆಫೀಸಿಗೆ ಸುಳ್ಳು ಹೇಳಿ ಬಂದು ಕೂತಿದ್ರು!” ಮಿಂಚು. “ಜನ ಊಟ ಬಿಟ್ಟು ಟೀವಿ ನೋಡ್ತಾ ಕೂತುಬಿಟ್ರು!” ಡೋಲು ನಿಂತು ಪಿಟೀಲು ಶುರುವಾಯಿತು. ಓತ್ಸುಬೊ ಅಜ್ಜಿ ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. “ಒಂದು ಬೆಕ್ಕನ್ನ ನೆನೆಸ್ಕೊಂಡು ಕಣ್ಣೀರು ಹಾಕ್ತಿದ್ದಾರೆ!” ಕೊನೆಗೆ ಮತ್ತೆ ನುಕಾದಾ, ಮುಷ್ಟಿ ಬಿಗಿದು, ಕಣ್ಣು ಕೆಂಪಗೆ ಮಾಡಿಕೊಂಡು. “ತಗೊಳ್ಳಿ!”

ಒಂದು ಮಾತನ್ನೂ ತಿರುಚಿರಲಿಲ್ಲ. ಬೇಡದ್ದನ್ನು ಬಿಟ್ಟಿದ್ದರು, ಅಷ್ಟೆ.

“ಇದನ್ನ ನೋಡಿಯೇ ನಾವು ತಗೊಂಡ್ವಿ ಅಂಕಲ್. ಇನ್ನೂ ಬಿಚ್ಚಿಲ್ಲ!” ಎಂದು ಹುಡುಗಿಯರು ಚೀಲದಿಂದ ಹೊಚ್ಚ ಹೊಸ ಡಬ್ಬಿ ತೆಗೆದು ತೋರಿಸಿದರು.

ಮೊದಲು ಗುಂಯ್‌ಗುಟ್ಟಿದ್ದು ಕುನಿಯೋಶಿಯವರ ಫೋನ್. ಹೆಸರು ನೋಡಿ ಅವರ ಮುಖ ಮೈದಾ ಹಿಟ್ಟಾಯಿತು. ಎದ್ದು ಗೋಡೆಯ ಕಡೆ ತಿರುಗಿ ನಿಂತು, ತಮ್ಮ ಕಂಪನಿಯ, ಕಣ್ಣಿಗೆ ಕಾಣದ ಡೈರೆಕ್ಟರರಿಗೆ ಬಾಗತೊಡಗಿದರು. “ಹೌದು ಸಾರ್... ದೋಣಿ ಅಂದ್ರೆ ಅದು... ಇಲ್ಲ ಸಾರ್, ಕೋಬೆಯಲ್ಲಿ ಸಮುದ್ರ ಇದೆಯಲ್ಲ ಸಾರ್...” ಫೋನ್ ಇಟ್ಟ ಮೇಲೆ ನುಕಾದಾನ ಕಡೆ ತಿರುಗಿದರು. “ನಾಳೆ ನಿನ್ನನ್ನೂ ಕರಕೊಂಡು ಬರೋಕೆ ಹೇಳಿದಾರೆ. ನನ್ನ ಹೆಸರು ಹೇಳು ಅಂತ ನಿನಗೆ ಹೇಳಿದ್ಯಾರಯ್ಯಾ?” ಎಂದರು. ಸುರಿದಿದ್ದ ಬಿಯರನ್ನು ಅವನ ಮುಂದಿನಿಂದ ತೆಗೆದು ತಾವೇ ಕುಡಿದು, ಕೋಟು ಹಾಕಿಕೊಂಡು ಹೊರಟುಹೋದರು.

ಓತ್ಸುಬೊ ಅಜ್ಜಿ ಆ ವಿಡಿಯೋವನ್ನು ಇನ್ನೊಮ್ಮೆ ಹಾಕಿಸಿದರು. ತಮ್ಮ ಕೂದಲು ಚೆನ್ನಾಗಿಯೇ ಕಾಣುತ್ತಿದೆ ಎಂದರು. ಆಮೇಲೆ ಕೊನೆಯಲ್ಲಿ ಬಂದ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು. “ಇದೇನಮ್ಮಾ ಬರೆದಿದೆ?”

ಹುಡುಗಿ ಓದಿದಳು. “ಎರಡನೆಯ ಭಾಗಕ್ಕೆ ಮುಂಗಡ ಬುಕಿಂಗ್ ಇಂದಿನಿಂದಲೇ ಆರಂಭ. ಈ ಬಾರಿ ಹನ್ನೆರಡು ಬಗೆಯ ಬೆಕ್ಕುಗಳು.”

“ಹನ್ನೆರಡಾ?” ಅಜ್ಜಿ ಚಾಪ್‌ಸ್ಟಿಕ್ ಕೆಳಗಿಟ್ಟರು. “ಒಂದು ಒಳಗೆ ಹೋದ್ರೂ ಇನ್ನೊಂದು ಉಳಿಯುತ್ತಲ್ಲ. ಮಗಾ, ನನ್ನ ಹೆಸರು ಬರೆಸಿಬಿಡು.”

“ಅಜ್ಜಿ!” ಎಂದು ನುಕಾದಾ ನರಳಿದ.

“ಯಾಕೆ, ಈ ಸಲ ನಿನ್ನ ಮೇಲೆ ತಪ್ಪು ಹೊರಿಸಲ್ಲ ಕಣೋ. ನಾನೇ ಇಷ್ಟಪಟ್ಟು ತಗೊಳ್ತಿರೋದು.”

ಹುಡುಗಿಯರಿಗೆ ಅಂಕಲ್ ಜೊತೆ ಫೋಟೋ ಬೇಕಿತ್ತು. ನುಕಾದಾ ಕೈ ಅಡ್ಡ ಹಿಡಿದ. ಆದರೆ ಮುಕಾಯಿ ಸಟ್ಟುಗದಿಂದ ಅವನನ್ನು ಬಾಗಿಲ ಹೊರಗೆ ನೂಕಿ, “ಅಂಗಡಿ ಬೋರ್ಡು ಕಾಣೋ ಹಾಗೆ ತೆಗೀರಿ ಮಕ್ಕಳೇ, ಬೀದಿ ಹೆಸರೂ ಹಾಕಿ” ಎಂದ. ಅವರು ಹಾಗೇ ತೆಗೆದು, ಹಾಗೇ ಹಾಕಿ, ನಗುತ್ತ ಮನೆಗೆ ಹೋದರು, ಡಬ್ಬಿ ಬಿಚ್ಚಲು.

ಚಿಜುರು ಎದ್ದಳು. “ಬನ್ರೀ, ಹೋಗೋಣ. ಬೇಗ.”

ಆದರೆ ಅಷ್ಟರಲ್ಲಿ ಬಾಗಿಲು ಸರಿಯಿತು. ಕಟ್ಟಡ ಕೆಲಸದ ಉಡುಪಿನ ಎತ್ತರದ ಆಳು. ಬಗಲಲ್ಲಿ ಬಿಚ್ಚಿದ ಡಬ್ಬಿ. “ಇಲ್ಲಿ ‘ತಗೊಳ್ಳಿ’ ಅಂದೋರು ಯಾರು?” ಎಂದು ಬಹಳ ಮರ್ಯಾದೆಯಿಂದ ಕೇಳಿದ. ಮುಕಾಯಿ ನುಕಾದಾನನ್ನು ತೋರಿಸಿದ. ಆತ ಎದುರಿಗೆ ಕೂತು, ತನ್ನ ಕುದುರೆ ಮರ ಹತ್ತಿದ್ದು ಇಳಿಯುತ್ತಿಲ್ಲ, ಏನು ಮಾಡ್ತೀರಿ ಹೇಳಿ ಎಂದ. ಅವನ ಹಿಂದೆ ಕನ್ನಡಕದ ದಂಪತಿ ಬಂದರು. ಅವರ ಹಿಂದೆ ಬಾಡಿಗೆ ಕಾರಿನ ಚಾಲಕ, ಕಾರನ್ನು ಬೀದಿಯಲ್ಲೇ ನಿಲ್ಲಿಸಿ. ಎಲ್ಲರ ಕೈಯಲ್ಲೂ ಡಬ್ಬಿ. ನುಕಾದಾ ಪ್ರತಿಯೊಬ್ಬರಿಗೂ ಎದ್ದು ನಿಂತು, ಬಾಗಿ, ನಾನು ಹೇಳಿದ್ದು ಹಾಗಲ್ಲ ಎಂದ. ವಿಡಿಯೋ ಹಾಕಿ ತೋರಿಸಿದರು. ಅದರಲ್ಲಿ ಅವನು ಹಾಗೆಯೇ ಹೇಳಿದ್ದ.

ಸರದಿಗೆ ಕಾಯುವವರು ಸುಮ್ಮನೆ ಕೂರುವುದು ಹೇಗೆಂದು ಒಂದೊಂದು ದೋಸೆ, ಒಂದೊಂದು ಬಿಯರ್ ತರಿಸಿಕೊಂಡರು. ಮುಕಾಯಿಯ ಅಂಗಡಿಯಲ್ಲಿ ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ಹೊರಗೆ ಸಾಲು ಪಾಚಿಂಕೋ ಜೂಜಿನ ಅಂಗಡಿಯ ತನಕ ಬೆಳೆಯಿತು. ಅವನು ಬೆವರು ಸುರಿಸುತ್ತ ಎರಡೂ ಕಾವಲಿ ಹೊತ್ತಿಸಿ, ಮಗುಚಿ ಮಗುಚಿ ಇಡುತ್ತ, ನಡುವೆ ಒಮ್ಮೆ ಬಾಗಿ ನುಕಾದಾನ ಕಿವಿಯಲ್ಲಿ ಪ್ರೀತಿಯಿಂದ ಹೇಳಿದ.

“ನಾಳೆನೂ ಇದೇ ಹೊತ್ತಿಗೆ ಬಂದು ಇದೇ ಜಾಗದಲ್ಲಿ ಕೂತ್ಕೊಳ್ಳೋ. ಊಟ ನಂದು. ಬೈಗುಳ ಮಾತ್ರ ನೀನೇ ನೋಡ್ಕೋ.”